ಶುಕ್ರವಾರದ ಟೀಚರ್

ಆಟ ಆಡಿಸುತ್ತ ಪಾಠ ಕಲಿಸಬೇಕೆಂಬ ಮಾತು ಬಂದಾಗ ಎಲ್ಲರಿಗಿಂತ ಮೊದಲು ಮೂಗು ಮುರಿದವಳು ರಂಜನಾ. ಪುಣೆಯ ಶಿವಾಜಿನಗರದ ಆ ಹಳೆಯ ಕನ್ನಡ ಶಾಲೆಗೆ ಒಂದು ಶಿಕ್ಷಣ ಟ್ರಸ್ಟಿನವರು ಕೋಣೆ ತುಂಬ ಕಂಪ್ಯೂಟರು ತಂದಿಟ್ಟು, ಮಕ್ಕಳು ಮೊಬೈಲಿನಲ್ಲಿ ಕದ್ದುಮುಚ್ಚಿ ಆಡುವಂಥದೇ ಒಂದು ಆಟವನ್ನು ಅದರಲ್ಲಿ ಹಾಕಿ, ಇನ್ನು ಮೇಲೆ ಕ್ಷೇತ್ರಫಲವನ್ನೂ ಕನ್ನಡವನ್ನೂ ಇದರಲ್ಲೇ ಕಲಿಸಿ ಎಂದಿದ್ದರು. ‘ಮನ್ಯಾಗ ಆಡಬ್ಯಾಡ್ರಿ ಅಂತ ಬೈಯೋದು, ಸಾಲ್ಯಾಗ ಕುಂದ್ರಿಸಿ ಆಡಸೋದು. ಛಲೋ ಅದ ಇದು!’ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಅಂದವಳು ಅವಳೇ. ಅದೇ ರಂಜನಾ ಮರುದಿನ ಹೆಡ್ ಮಾಸ್ತರರ ಮುಂದೆ ನಿಂತು, ಆ ಕೆಲಸ ನನಗೇ ಕೊಡಿ ಎಂದು ಗಂಟುಬಿದ್ದಾಗ ಉಳಿದವರು ಹುಬ್ಬೇರಿಸಿದರು. ಕಾರಣ ಗೊತ್ತಿದ್ದದ್ದು ಗಣಿತದ ಟೀಚರ್ ನರ್ಮದಾಗೆ ಮಾತ್ರ.

ಅವಳು ಮೂಗು ಮುರಿದ ದಿನವೇ ಸಂಜೆಯ ಸಭೆಯಲ್ಲಿ ಟ್ರಸ್ಟಿನವನು ಇನ್ನೊಂದು ಮಾತು ಹೇಳಿದ್ದ. ಮನೆಯಲ್ಲಿ ಕನ್ನಡ ಮಾತಾಡುವ, ಆದರೆ ಇಂಗ್ಲಿಷ್ ಶಾಲೆಗೆ ಹೋಗುವುದರಿಂದ ಕನ್ನಡವನ್ನು ನೆಟ್ಟಗೆ ಬರೆಯಲು ಬಾರದ ಮಕ್ಕಳು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಅಂಥವರು ಪ್ರತಿ ಶುಕ್ರವಾರ ತಮ್ಮ ಶಾಲೆಯಲ್ಲೇ ಕೂತು ಈ ಆಟದೊಳಕ್ಕೆ ಅತಿಥಿಗಳಾಗಿ ಬರುತ್ತಾರೆ. ನಿಮ್ಮ ಮಕ್ಕಳು ಕಟ್ಟಿದ ಊರಿನಲ್ಲಿ ತಿರುಗಾಡುತ್ತ ಕನ್ನಡ ಓದುಬರಹ ಕಲಿಯುತ್ತಾರೆ. ಯಾವ ಶಾಲೆಯವರು ಎಂದು ಯಾರೋ ಕೇಳಿದರು. ವಿಮಾನ ನಗರದ್ದೊಂದು, ನಿಗಡಿಯದೊಂದು ಎಂದ. ನಿಗಡಿಯ ಶಾಲೆಯ ಹೆಸರು ಕಿವಿಗೆ ಬಿದ್ದೊಡನೆ ರಂಜನಾ ನೆಟ್ಟಗೆ ಕೂತಳು. ಅವಳ ಮಗಳು ಶರಣ್ಯಾ ಆರನೆಯ ತರಗತಿ ಓದುತ್ತಿದ್ದದ್ದು ಅಲ್ಲೇ. ಆ ಮಗಳು ಅವಳೊಂದಿಗೆ ಮಾತು ಬಿಟ್ಟು ವರ್ಷದ ಮೇಲಾಗಿತ್ತು.

ಗಂಡ ಸುಖೇಶನ ಮನೆಯವರು ಉಡುಪಿಯ ಕಡೆಯವರು. ನಿಗಡಿಯಲ್ಲಿ ಒಳ್ಳೆಯ ಹೋಟೆಲಿತ್ತು. ರಂಜನಾಳ ತವರಿನವರು ವಿಜಯಪುರದ ಕಡೆಯಿಂದ ಬಂದು ಪುಣೆಯ ಆಫೀಸುಗಳಲ್ಲಿ ಗುಮಾಸ್ತಿಕೆ ಮಾಡಿದವರು. ಎರಡೂ ಕನ್ನಡದ ಮನೆ, ಆದರೆ ಒಬ್ಬರು ಆಡಿದ್ದು ಇನ್ನೊಬ್ಬರಿಗೆ ಅರ್ಧ ತಿಳಿಯುವುದಿಲ್ಲವೆಂದು ಮದುವೆಯಲ್ಲಿ ಎರಡೂ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗು ಬಹಳ ದಿನ ಬಾಳಲಿಲ್ಲ. ಮಾಸ್ತರಿಕೆ ಬಿಟ್ಟು ಹೋಟೆಲಿನ ಗಲ್ಲಾ ನೋಡಿಕೊಳ್ಳಬಾರದೇ ಎಂಬಲ್ಲಿಂದ ಶುರುವಾದ ಜಗಳ, ಕೊನೆಕೊನೆಗೆ ಜಗಳಕ್ಕೆ ವಿಷಯವೇ ಬೇಡವೆನ್ನುವ ಮಟ್ಟಕ್ಕೆ ಬಂದು, ಗಂಡ ಹೆಂಡತಿ ಮಾತೇ ನಿಲ್ಲಿಸಿದರು. ಒಂದೇ ಮನೆಯಲ್ಲಿದ್ದುಕೊಂಡು ಇಬ್ಬರೂ ಮಗಳ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು. ‘ಅಮ್ಮನಿಗೆ ಹೇಳು, ನಾನು ಊಟಕ್ಕೆ ಬರುದಿಲ್ಲ.’ ‘ಪಪ್ಪಾಗ ಹೇಳು, ಸಿಲಿಂಡರ್ ಮುಗದದ.’ ದೊಡ್ಡವರೆನಿಸಿಕೊಂಡ ಇಬ್ಬರಿಗೂ ನಾಚಿಕೆ ಎಂಬುದು ಬೇಡವೇ? ಆ ಕೂಸು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಓಡಾಡುತ್ತ, ಇಬ್ಬರ ಕನ್ನಡವನ್ನೂ ಅರೆದು ಕುಡಿದಿತ್ತು.

ಒಂದು ಬೆಳಿಗ್ಗೆ ರಂಜನಾಳ ಸಹನೆ ತೀರಿತು. ಮಗಳು ಶಾಲೆಗೆ ಹೋದ ಹೊತ್ತು ನೋಡಿ ಬಟ್ಟೆ ತುಂಬಿಕೊಂಡು, ಶಿವಾಜಿನಗರದಲ್ಲಿ ತನ್ನ ಶಾಲೆಯ ಹತ್ತಿರದ ಒಂದು ಬಾಡಿಗೆ ಖೋಲಿಗೆ ಬಂದುಬಿಟ್ಟಳು. ಒಂದು ವಾರದಲ್ಲಿ ಹೋಗಿ ಮಗಳನ್ನು ಕರೆತಂದರಾಯಿತು ಅಂದುಕೊಂಡಿದ್ದಳು. ಆ ವಾರ ಬರಲೇ ಇಲ್ಲ. ಹುಡುಗಿ ಅಮ್ಮನ ಫೋನು ತೆಗೆಯಲಿಲ್ಲ. ವಕೀಲರು ಬಂದರು, ತಾರೀಖುಗಳು ಬಂದವು. ಕೋರ್ಟಿನಲ್ಲಿ ಕೇಳಿದಾಗ ಶರಣ್ಯಾ, ಪಪ್ಪನ ಮನೆಯಲ್ಲಿ ಅಜ್ಜಿಯ ಹತ್ತಿರವೇ ಇರುತ್ತೇನೆ ಎಂದಳಂತೆ. ಇನ್ನೇನು ಹೇಳುವುದಿದೆ? ರಂಜನಾಳ ಪಾಲಿಗೆ ಶನಿವಾರ ಹನ್ನೊಂದು ಗಂಟೆಯ ಒಂದು ತಾಸು ಉಳಿಯಿತು, ಅದೂ ಕೋರ್ಟಿನ ಮಕ್ಕಳ ಕೋಣೆಯಲ್ಲಿ.

ಆ ಕೋಣೆಯ ಗೋಡೆಗೆ ಆನೆ, ಜಿರಾಫೆ ಬರೆದಿದ್ದರು. ಮುರಿದ ಆಟಿಕೆಗಳ ಒಂದು ಬುಟ್ಟಿ ಇತ್ತು. ಮಾವ ಮೋಹನದಾಸ್ ಮೊಮ್ಮಗಳನ್ನು ತಂದು ಬಿಟ್ಟು ಹೊರಗಿನ ಬೆಂಚಿನಲ್ಲಿ ಪೇಪರು ಹಿಡಿದು ಕೂರುತ್ತಿದ್ದರು. ಶರಣ್ಯಾ ಟ್ಯಾಬು ತೆರೆದರೆ ಮುಗಿಯಿತು, ಹನ್ನೆರಡಾಗುವವರೆಗೆ ತಲೆ ಎತ್ತುತ್ತಿರಲಿಲ್ಲ. ಹಸಿವಾಗೇದೇನು ಎಂದರೆ ತಲೆ ಆಡಿಸುವಳು. ಪರೀಕ್ಷೆ ಹ್ಯಾಂಗಾತು ಎಂದರೆ ಭುಜ ಕುಣಿಸುವಳು. ಒಯ್ದ ಶೇಂಗಾ ಉಂಡೆ ಡಬ್ಬಿಯಲ್ಲಿ ಹಾಗೇ ಮರಳುತ್ತಿತ್ತು. ರಂಜನಾ ಕೇಳುವುದನ್ನು ಬಿಟ್ಟು, ಆ ಒಂದು ತಾಸು ಮಗಳನ್ನು ಕಣ್ತುಂಬ ನೋಡುತ್ತ ಕೂರುವುದನ್ನು ರೂಢಿ ಮಾಡಿಕೊಂಡಳು. ಅವಳಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಮಗಳು ಒಂದು ಸಲ ಬಾಯಿಬಿಟ್ಟು ಮಾತಾಡಬೇಕು. ಬೈದರೂ ಸರಿಯೇ, ಅದೂ ಮಾತೇ ತಾನೆ.

ಹೀಗಿರುವಾಗ ನಿಗಡಿಯ ಶಾಲೆಯ ಹೆಸರು ಕೇಳಿದ ತಾಯಿ ಆಟವನ್ನು ಬೈಯುತ್ತ ಕೂರುವುದುಂಟೇ?

ಆಟದಲ್ಲಿ ಎಲ್ಲವೂ ಚೌಕ. ಮಣ್ಣು ಚೌಕ, ಮರ ಚೌಕ, ಆಕಳು ಚೌಕ, ಸೂರ್ಯ ಕೂಡ ಚೌಕ. ಮಕ್ಕಳು ಅದಕ್ಕೆ ಡಬ್ಬಿ ಆಟ ಎಂದೇ ಹೆಸರಿಟ್ಟರು. ಒಬ್ಬೊಬ್ಬರೂ ಒಂದೊಂದು ಗೊಂಬೆಯಾಗಿ ಒಳಹೊಕ್ಕು, ನೆಲ ಅಗೆದು, ಕಲ್ಲು ಒಡೆದು, ಡಬ್ಬಿಯ ಮೇಲೆ ಡಬ್ಬಿ ಪೇರಿಸಿ ಊರು ಕಟ್ಟಬೇಕು. ವಿಮಾನ ನಗರದ ಎತ್ತೆತ್ತರದ ಕಟ್ಟಡಗಳಲ್ಲಿ ಗೌಂಡಿ ಕೆಲಸ ಮಾಡುವ ಯಾದಗಿರಿಯವನ ಮಗಳು, ಇದೇ ಶಾಲೆಯ ಮರೆಮ್ಮ ಮೊದಲ ದಿನವೇ, ‘ಸಿಮಿಟ್ ಇಲ್ಲ, ನೀರ್ ಹೊಡಿಯೂದಿಲ್ಲ, ಹ್ಯಾಂಗ ನಿಲ್ತದ್ರೀ ಟೀಚರ್ ಇದು?’ ಎಂದು ಗೋಡೆಯನ್ನೇ ಅನುಮಾನಿಸಿದಳು. ಹದಿನೈದು ದಿನದಲ್ಲಿ ಅವಳೇ ಎಲ್ಲರಿಗೂ ಕೆಲಸ ಹಂಚುವ ಮುಕಾದಮಳಾದಳು. ಹೊಲದ ಉದ್ದ ಅಗಲ ಗುಣಿಸದೆ ಯಾರಿಗೂ ಬೀಜ ಕೊಡುತ್ತಿರಲಿಲ್ಲ. ಮಗ್ಗಿ ಬಾರದೆ ಮಗ್ಗಲು ಬದಲಿಸುತ್ತಿದ್ದ ಹುಡುಗರು ಬೀಜಕ್ಕಾಗಿ ಮಗ್ಗಿ ಕಲಿತದ್ದನ್ನು ಕಂಡು ನರ್ಮದಾ ಟೀಚರಿಗೆ ಸಂತೋಷವೂ ಆಯಿತು, ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಊರಿನ ನಡುವೆ ಮಕ್ಕಳು ಒಂದು ದೊಡ್ಡ ವಾಡೆ ಕಟ್ಟಿದರು. ಅದಕ್ಕೆ ಮುಂಬಾಗಿಲು, ಹಿತ್ತಿಲ ಬಾಗಿಲು, ಒಳಗೆ ಕೋಳಿಗೂಡು, ಮೇಲೆ ಗ್ಯಾಲರಿ, ಪುಣೆಯವರು ಬಾಲ್ಕನಿಗೆ ಅನ್ನುವುದು ಹಾಗೆ. ಪ್ರತಿಯೊಂದರ ಮುಂದೆ ಮರದ ಹಲಗೆ ನೆಟ್ಟು ಅದರ ಹೆಸರು ಬರೆದರು. ಆಟದೊಳಗೆ ಒಬ್ಬರೊಂದಿಗೊಬ್ಬರು ಮಾತಾಡಲು ಇದ್ದ ದಾರಿಯೂ ಅದೊಂದೇ, ಹಲಗೆ ನೆಟ್ಟು ಕನ್ನಡದಲ್ಲಿ ಬರೆಯುವುದು. ಬರೆದದ್ದು ಎಲ್ಲರಿಗೂ ಕಾಣಬೇಕು, ಗುಟ್ಟು ನಡೆಯುವಂತಿಲ್ಲ. ನಿಜವಾದ ಹೆಸರು ಹೇಳುವಂತಿಲ್ಲ, ಊರು ಯಾವ ಶಾಲೆಯದೆಂದು ಅತಿಥಿಗಳಿಗೆ ತಿಳಿಸುವಂತಿಲ್ಲ. ಮಕ್ಕಳ ಸುರಕ್ಷತೆಗೆಂದು ಟ್ರಸ್ಟಿನವರು ಮಾಡಿದ ನಿಯಮ. ಅತಿಥಿಗಳನ್ನು ಟೋಪಿಯ ಬಣ್ಣದಿಂದ ಗುರುತಿಸಬೇಕು. ರಂಜನಾ ಎಲ್ಲರಿಗೂ ಬರೀ ಟೀಚರ್.

ಮೊದಲ ಶುಕ್ರವಾರ ಬಣ್ಣಬಣ್ಣದ ಟೋಪಿಗಳು ಊರಿಗೆ ನುಗ್ಗಿದವು. ರಂಜನಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದನ್ನೂ ನೋಡಿದಳು. ಮಗಳ ನಡಿಗೆ ಗೊತ್ತು, ಕೂರುವ ಭಂಗಿ ಗೊತ್ತು, ನಿದ್ದೆಯಲ್ಲಿ ಯಾವ ಮಗ್ಗುಲಿಗೆ ಹೊರಳುತ್ತಾಳೆಂಬುದೂ ಗೊತ್ತು. ಈ ಚೌಕದ ಗೊಂಬೆಗಳಲ್ಲಿ ಅದೆಲ್ಲ ಎಲ್ಲಿ ಹುಡುಕುವುದು? ಉಪಾಯ ಹೂಡಿ, ‘ನಿಮಗೆ ಇಷ್ಟವಾದ ತಿಂಡಿ ಯಾವುದು?’ ಎಂದು ಹಲಗೆ ನೆಟ್ಟಳು. ಶರಣ್ಯಾಗೆ ಅಜ್ಜಿ ಪಂಕಜಾಕ್ಷಿ ಮಾಡುವ ನೀರುದೋಸೆ ಪ್ರಾಣ. ಹಾಗೆ ಬರೆದವಳೇ ಮಗಳು ಎಂದು ಲೆಕ್ಕ. ಎಲ್ಲ ಟೋಪಿಗಳೂ ಒಂದರ ಹಿಂದೊಂದು ಪಿಜ್ಜಾ ಎಂದು ಬರೆದು ಓಡಿದವು. ಅದೂ ಒಂದೊಂದು ಒಂದೊಂದು ತಪ್ಪಿನೊಂದಿಗೆ.

ಅದರ ಮುಂದಿನ ಶುಕ್ರವಾರ ಅನಾಹುತ ನಡೆಯಿತು. ಆಟದ ಲೋಕದಲ್ಲಿ ಹಗಲು ಬೇಗ ಮುಗಿಯುತ್ತದೆ; ಹೊರಗೆ ಮಟಮಟ ಮಧ್ಯಾಹ್ನವಿದ್ದಾಗ ಒಳಗೆ ಸಂಜೆ. ಕತ್ತಲಾದರೆ ಹಸಿರು ಭೂತಗಳು ಕೈ ಚಾಚಿಕೊಂಡು ಊರೊಳಗೆ ಬರುತ್ತವೆ. ಬಾಗಿಲು ಮುಚ್ಚಿ ಒಳಗಿದ್ದವರಿಗೆ ಏನೂ ಮಾಡುವುದಿಲ್ಲ. ಟೀಚರಾದವರು ಮನಸ್ಸು ಮಾಡಿದರೆ ಅವನ್ನು ತೆಗೆದುಹಾಕಬಹುದಿತ್ತು, ಆದರೆ ಭೂತ ಇಲ್ಲದಿದ್ದರೆ ನಾವು ಆಡುವುದೇ ಇಲ್ಲ ಎಂದು ಮಕ್ಕಳು ಮುಷ್ಕರ ಹೂಡಿದ್ದರು. ಅಂದು ಸೂರ್ಯ ಇಳಿಯುತ್ತಿದ್ದಂತೆ ಎಲ್ಲರೂ ಮನೆಮನೆ ಸೇರಿಕೊಂಡು ಬಾಗಿಲು ಹಾಕಿದರು. ವಾಡೆಯಲ್ಲಿದ್ದ ಕೆಂಪು ಟೋಪಿಯ ಗೊಂಬೆ ಮಾತ್ರ ಮುಂಬಾಗಿಲನ್ನು ಹಾರುಹೊಡೆದು ಹೊಸ್ತಿಲಿಗೆ ಒಂದು ದೀವಟಿಗೆ ಹಚ್ಚಿತು. ದಡದಡ ಮೆಟ್ಟಿಲು ಹತ್ತಿ ಹೋಗಿ ಗ್ಯಾಲರಿಯ ಬಾಗಿಲು ಹಾಕಿತು. ಮತ್ತೆ ಇಳಿದು ಬಂದು ಮುಂಬಾಗಿಲ ಎಡಗೋಡೆಗೆ ಬೆನ್ನು ಹಚ್ಚಿ ಅಲುಗಾಡದೆ ನಿಂತಿತು. ಹಿತ್ತಿಲ ಬಾಗಿಲು ತೆರೆದೇ ಇತ್ತು. ಭೂತಗಳು ಮುಂದಿನಿಂದಲೂ ಬಂದವು, ಹಿಂದಿನಿಂದಲೂ ಬಂದವು. ನೋಡನೋಡುತ್ತ ಕೋಳಿಗೂಡು ಬರಿದಾಯಿತು.

‘ಯಾರಲೇ ಅದು, ಬಾಗಲಾ ತಗದವ್ರು!’ ಮರೆಮ್ಮ ಕುರ್ಚಿಯಿಂದ ಎದ್ದು ನಿಂತು ಕಿರುಚಿದಳು. ಕೋಣೆಯ ತುಂಬ ಗುಲ್ಲು. ಹುಡುಗರು ಗುದ್ದಲಿ ಹಿಡಿದು ಕೆಂಪು ಟೋಪಿಯ ಬೆನ್ನು ಹತ್ತಿದರು. ಕೆಂಪು ಟೋಪಿ ಓಡಿ ಓಡಿ ಮೂಲೆ ಸೇರಿ, ಗಡಿಬಿಡಿಯಲ್ಲಿ ತಪ್ಪುತಪ್ಪಾಗಿ ಬರೆದ ಒಂದು ಹಲಗೆ ನೆಟ್ಟಿತು. ತಿದ್ದಿ ಓದಿಕೊಂಡರೆ ಇಷ್ಟು: ‘ದೀಪ ಹಚ್ಚುವ ಹೊತ್ತು. ಲಕ್ಷ್ಮಿ ಬರುತ್ತಾಳೆ.’ ಅದರ ಪಕ್ಕದಲ್ಲಿ ಇನ್ನೊಂದು: ‘ಹಿಂದಿನ ಬಾಗಿಲು ಹಾಕಿದ್ದೇನೆ.’

‘ಎಲ್ಲಿ ಹಾಕೀದಿ? ಹಿಂದಿಂದನ ಬಂದಾವು ಎಲ್ಲಾ!’ ಎಂದು ಹುಡುಗರು ಪರದೆಗೆ ಹೇಳಿದರು.

ರಂಜನಾ ಅಲ್ಲೇ ಹಿಂದಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಮುಸ್ಸಂಜೆ ದೀಪ ಹಚ್ಚುವಾಗ ಹಿತ್ತಿಲ ಬಾಗಿಲು ಹಾಕಿ ಮುಂಬಾಗಿಲು ತೆರೆದಿಡು ಎಂದು ಯಾವ ಮನೆಯಲ್ಲಿ ಹೇಳುವುದಿಲ್ಲ? ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗಬಾರದು. ಆದರೆ ನಿಗಡಿಯ ನಾಲ್ಕನೇ ಮಹಡಿಯ ಫ್ಲ್ಯಾಟಿಗೆ ಹಿತ್ತಿಲು ಎಲ್ಲಿಂದ ಬರಬೇಕು! ರಂಜನಾ ಅಲ್ಲಿ ಗ್ಯಾಲರಿಯ ಬಾಗಿಲನ್ನೇ ಹಿತ್ತಿಲ ಬಾಗಿಲು ಮಾಡಿಕೊಂಡಿದ್ದಳು. ‘ಹಿಂದಿನ ಬಾಗಲಾ ಹಾಕಿ ಬಾ’ ಎಂದರೆ ಪುಟ್ಟ ಶರಣ್ಯಾ ಓಡಿ ಗ್ಯಾಲರಿಯ ಬಾಗಿಲು ಹಾಕಿ ಬರುವಳು. ಬಲಗಡೆ ಚಪ್ಪಲಿಯ ಸ್ಟ್ಯಾಂಡು ಇದ್ದುದರಿಂದ ಎಡಗೋಡೆಗೆ ಬೆನ್ನು ಹಚ್ಚಿ, ಬರುವವಳಿಗೆ ಅಡ್ಡವಾಗಬಾರದೆಂದು ಹೊಟ್ಟೆಯನ್ನೂ ಒಳಗೆಳೆದುಕೊಂಡು ನಿಲ್ಲುವಳು. ಗ್ಯಾಲರಿಯ ಬಾಗಿಲು ಹಾಕಿ ಹಿಂದಿನ ಬಾಗಿಲು ಹಾಕಿದ್ದೇನೆ ಎನ್ನುವ ಮಗು ಈ ಪುಣೆಯಲ್ಲಿ ಒಂದೇ ಒಂದು ಇದ್ದೀತು.

ಅವಳು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು. ಒಂದು ಹಲಗೆ ನೆಟ್ಟಳು. ‘ಕೆಂಪು ಟೋಪಿಯನ್ನು ಯಾರೂ ಹೊಡೆಯಬೇಡಿ. ಎಲ್ಲರೂ ಸೇರಿ ಕೋಳಿಗೂಡು ಕಟ್ಟೋಣ.’

ಆಮೇಲಿನ ಶುಕ್ರವಾರಗಳನ್ನು ರಂಜನಾ ಬದುಕಿದಳು. ಉಳಿದ ವಾರವನ್ನು ಹೇಗೋ ಕಳೆದಳು. ಗೂಡು ಕಟ್ಟುತ್ತ ಕೆಂಪು ಟೋಪಿಗೆ ಒತ್ತಕ್ಷರ ಬಂತು, ತೋಟ ಮಾಡುತ್ತ ದೀರ್ಘ ಬಂತು. ಬರೆದದ್ದು ತಪ್ಪಾದರೆ ಟೀಚರ್ ಪಕ್ಕದಲ್ಲಿ ಸರಿಯಾದ ಹಲಗೆ ನೆಡುವಳು, ಕೆಂಪು ಟೋಪಿ ತನ್ನದನ್ನು ಕಿತ್ತು ಮತ್ತೆ ಬರೆಯುವಳು. ಮನೆಯಲ್ಲಿ ಎದುರಿಗೆ ಕೂರಿಸಿಕೊಂಡು ಅಕ್ಷರ ತಿದ್ದಿಸಬೇಕೆಂದು ಎಷ್ಟು ಆಸೆಪಟ್ಟಿದ್ದಳು! ಇಂಗ್ಲಿಷ್ ಶಾಲೆಯ ಹೋಮ್‌ವರ್ಕಿನ ನಡುವೆ ಪುರುಸೊತ್ತು ಸಿಕ್ಕಿರಲಿಲ್ಲ. ಈಗ ನೋಡಿದರೆ ಮುಖ ಕಾಣದ, ದನಿ ಕೇಳದ ಈ ಲೋಕದಲ್ಲಿ ಮಗಳು ಅಮ್ಮನ ಹಿಂದೆ ಹಿಂದೆಯೇ ತಿರುಗುತ್ತಿದ್ದಾಳೆ. ಟೀಚರ್ ಬಾವಿಗೆ ಹೋದರೆ ಬಾವಿಗೆ, ಹೊಲಕ್ಕೆ ಹೋದರೆ ಹೊಲಕ್ಕೆ. ಮರುದಿನ ಶನಿವಾರ ಅದೇ ಮಗಳು ಜಿರಾಫೆಯ ಗೋಡೆಯ ಕೆಳಗೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾಳೆ. ರಂಜನಾಗೆ ತನ್ನ ಮೇಲೆಯೇ ಹೊಟ್ಟೆಕಿಚ್ಚಾಯಿತು.

‘ಹೇಳಿಬಿಡ್ರಿ ರಂಜನಾ. ಇದು ಸುಮ್ಮನಲ್ಲ. ತಿಳಿದ ಮ್ಯಾಲ ಆ ಹುಡುಗಿಗೆ ಹ್ಯಾಂಗಾಗ್ತದ, ವಿಚಾರ ಮಾಡೀರೇನು?’ ನರ್ಮದಾ ಚಹಾದ ಕಪ್ಪು ಕೆಳಗಿಟ್ಟು ಕೇಳಿದಳು.

‘ಹೇಳಿದ್ರ ಮತ್ತ ಬರೂದಿಲ್ಲ ಅಕಿ.’

‘ಹೇಳದಿದ್ರ ಬರಾಕಿ ಯಾರ ಕಡೆ ಬರ್ಲಿಕತ್ತಾಳ? ನಿಮ್ಮ ಕಡೆ ಅಲ್ಲಲ್ರೀ.’

ನರ್ಮದಾ ಹೇಳಿದ್ದು ಸರಿಯೆಂದು ರಂಜನಾಗೂ ಗೊತ್ತಿತ್ತು. ಸರಿಯಾದದ್ದನ್ನು ಮುಂದಿನ ವಾರ ಮಾಡೋಣವೆಂದು ಪ್ರತಿ ವಾರವೂ ಅಂದುಕೊಳ್ಳುತ್ತಿದ್ದಳು.

ಒಂದು ಶುಕ್ರವಾರ ಕೆಂಪು ಟೋಪಿ ತೋಟದ ಬೇಲಿಯ ಹತ್ತಿರ ಹಲಗೆ ನೆಟ್ಟಿತು. ‘ನನ್ನ ಅಮ್ಮನೂ ಟೀಚರ್.’ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ‘ಅವಳು ನಮ್ಮ ಮನೆಯಲ್ಲಿ ಇಲ್ಲ.’ ಒಂದಕ್ಷರ ತಪ್ಪಿರಲಿಲ್ಲ. ರಂಜನಾ ಬಹಳ ಯೋಚಿಸಿ, ‘ಅವಳ ನೆನಪಾಗುತ್ತದೆಯೇ?’ ಎಂದು ಬರೆದಳು. ಕೆಂಪು ಟೋಪಿ ಆ ಹಲಗೆಯ ಮುಂದೆ ನಿಂತು ನೋಡಿತು. ಬೇರೆಯದೇ ಕೇಳಿತು. ‘ಟೀಚರ್, ನಿಮಗೆ ಮಕ್ಕಳಿದ್ದಾರಾ?’

‘ಒಬ್ಬಳು ಮಗಳಿದ್ದಾಳೆ.’

‘ಅವಳು ಅದೃಷ್ಟವಂತೆ.’ ಈ ಪದ ಬರೆಯಲು ಹುಡುಗಿ ಮೂರ್ನಾಲ್ಕು ಹಲಗೆ ಹಾಳುಮಾಡಿದಳು. ರಂಜನಾ ಪರದೆಯ ಮುಂದೆ ಕೂತು ಸೆರಗಿನಿಂದ ಮೂಗು ಒರೆಸಿಕೊಂಡಳು. ಶೀತವಾಗಿದೆ ಎಂದು ಮಕ್ಕಳಿಗೆ ಹೇಳಿದಳು.

ಆ ದಿನ ಗಂಟೆ ಹೊಡೆಯುವ ಮುಂಚೆ ಕೊನೆಯ ಹಲಗೆ ಬಂತು. ‘ನಾಳೆ ಹನ್ನೊಂದಕ್ಕೆ ಆಟಕ್ಕೆ ಬರುತ್ತೀರಾ? ನನ್ನ ಟ್ಯಾಬಿನಲ್ಲೂ ಇದು ತೆರೆಯುತ್ತದೆ. ನನ್ನನ್ನು ಒಂದು ಕೋಣೆಯಲ್ಲಿ ಕೂರಿಸುತ್ತಾರೆ. ಅಲ್ಲಿ ಮಾತಾಡಲು ನನಗೆ ಯಾರೂ ಇಲ್ಲ.’

ಯಾರೂ ಇಲ್ಲ ಎಂಬುದನ್ನು ರಂಜನಾ ಮತ್ತೆ ಮತ್ತೆ ಓದಿದಳು. ಆ ಯಾರೂ ಇಲ್ಲದ ಕೋಣೆಗೆ ಅವಳು ಪ್ರತಿ ಶನಿವಾರ ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು ಹೋಗುತ್ತಿದ್ದಳು. ‘ಬರುತ್ತೇನೆ’ ಎಂದು ಬರೆದಳು. ಬೇರೆ ಏನು ಬರೆಯಲು ಸಾಧ್ಯವಿತ್ತು?

ಶನಿವಾರ ಮೋಹನದಾಸ್ ಎಂದಿಗಿಂತ ಬೇಗ ಬಂದರು. ಸೊಸೆಯನ್ನು ಕಂಡು, ‘ಹುಷಾರಿದ್ದಿಯಾ ರಂಜನಾ? ಇವತ್ತು ಇವಳಿಗೆ ಬರ್ಲಿಕ್ಕೆ ಭಾರೀ ಅವಸರ. ತಿಂಡಿ ಸಹ ತಿನ್ಲಿಲ್ಲ’ ಎಂದು ನಕ್ಕರು. ಮೊಮ್ಮಗಳ ಮನಸ್ಸು ತಾಯಿಯ ಕಡೆ ತಿರುಗಿತೆಂದು ಆ ಒಳ್ಳೆಯ ಮನುಷ್ಯನಿಗೆ ನಿಜವಾಗಿ ಖುಷಿಯಾಗಿತ್ತು. ರಂಜನಾ ತಲೆ ತಗ್ಗಿಸಿದಳು.

ಒಳಗೆ ಶರಣ್ಯಾ ಎದುರಿನ ಕುರ್ಚಿಯಲ್ಲಿ ಕೂತು ಟ್ಯಾಬು ತೆರೆದಳು. ರಂಜನಾ ಮೊಬೈಲು ತೆಗೆದು ಮೇಜಿನ ಅಂಚಿನ ಕೆಳಗೆ ಹಿಡಿದಳು. ಅದರಲ್ಲಿ ಆಟ ತೆರೆದುಕೊಳ್ಳಲು ಒದ್ದಾಡುತ್ತಿತ್ತು. ಹುಡುಗಿ ಉಗುರು ಕಚ್ಚುತ್ತ ಪರದೆ ನೋಡುತ್ತಿದ್ದಳು. ಕಾಯುವ ಮುಖ ಅದು. ವರ್ಷದಿಂದ ಯಾವ ಮುಖವನ್ನು ತನ್ನ ಕಡೆ ತಿರುಗಿಸಬೇಕೆಂದು ರಂಜನಾ ಹಂಬಲಿಸಿದ್ದಳೋ ಅದೇ ಮುಖ. ಕೊನೆಗೆ ಮೊಬೈಲಿನಲ್ಲಿ ವಾಡೆ ಕಾಣಿಸಿತು. ಮೆಟ್ಟಿಲ ಮೇಲೆ ಕೆಂಪು ಟೋಪಿ ಒಂಟಿಯಾಗಿ ನಿಂತಿತ್ತು. ಟೀಚರ್ ಅದರ ಮುಂದೆ ಹೋಗಿ ನಿಂತಳು.

ಶರಣ್ಯಾ ನಕ್ಕಳು. ಮೇಲಿನ ಹಲ್ಲುಸಾಲಿನಲ್ಲಿ ಒಂದು ಹೊಸ ಹಲ್ಲು ಸೊಟ್ಟಗೆ ಬಂದಿತ್ತು. ಅದು ರಂಜನಾಗೆ ಗೊತ್ತೇ ಇರಲಿಲ್ಲ.

ಇಬ್ಬರೂ ಮೆಣಸಿನ ಗಿಡದ ಪಾತಿ ಮಾಡಿದರು, ಹೊಲಕ್ಕೆ ನೀರು ಹಾಯಿಸಿದರು. ಒಂದು ಆಕಳು ಬಾವಿಗೆ ಬಿದ್ದು ಫಜೀತಿಯಾಯಿತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆಂದಳು. ಆ ಸದ್ದನ್ನು ಕೇಳಿ ರಂಜನಾಗೆ ಎದೆ ತುಂಬಿ ಬಂತು, ಜೊತೆಗೆ ಪರರ ಮನೆಯಲ್ಲಿ ಕದ್ದು ತಿನ್ನುವವಳ ಹಾಗೆ ಅಂಜಿಕೆಯೂ ಆಯಿತು. ತಲೆ ಎತ್ತಿದರೆ ಸಿಕ್ಕಿಬೀಳುತ್ತೇನೆಂದು ಮೊಬೈಲಿನಿಂದ ಕಣ್ಣು ಕೀಳಲಿಲ್ಲ. ಆಕಳನ್ನು ಎತ್ತಿ ಮುಗಿಸಿದ ಮೇಲೆ ಕೆಂಪು ಟೋಪಿ ಬಾವಿಯ ಕಟ್ಟೆಯ ಮೇಲೆ ಹಲಗೆ ನೆಟ್ಟಿತು. ಬರೆಯಲು ಬಹಳ ಹೊತ್ತು ಹಿಡಿಯಿತು. ಒಂದರಲ್ಲಿ ಹಿಡಿಸದೆ ಮೂರು ಹಲಗೆ ಬೇಕಾದವು.

‘ನನ್ನ ಎದುರಿಗೆ ಅಮ್ಮ ಕೂತಿದ್ದಾಳೆ.’

‘ಯಾವಾಗಲೂ ನನ್ನನ್ನೇ ನೋಡುತ್ತಿದ್ದಳು. ಇವತ್ತು ಬರೀ ಮೊಬೈಲ್ ನೋಡುತ್ತಿದ್ದಾಳೆ.’

‘ಅವಳಿಗೂ ನಾನು ಸಾಕಾದೆ.’

ರಂಜನಾ ತಲೆ ಎತ್ತಿದಳು. ಶರಣ್ಯಾ ಟ್ಯಾಬಿನ ಮೇಲೆ ಬಗ್ಗಿದ್ದಳು. ಟೀಚರ್ ಏನು ಬರೆಯುತ್ತಾರೆಂದು ಕಾಯುತ್ತಿದ್ದಳು. ಇಲ್ಲ, ಅವಳಿಗೆ ನೀನು ಸಾಕಾಗಿಲ್ಲ ಎಂದು ಒಂದು ಹಲಗೆ ನೆಟ್ಟರೆ ಆಗುತ್ತಿತ್ತು. ಹುಡುಗಿ ನಂಬುತ್ತಿದ್ದಳು ಕೂಡ. ಮುಂದಿನ ಶುಕ್ರವಾರ ಬರುತ್ತಿದ್ದಳು, ಅದರ ಮುಂದಿನದಕ್ಕೂ ಬರುತ್ತಿದ್ದಳು. ರಂಜನಾ ಮೊಬೈಲನ್ನು ಮೇಜಿನ ಮೇಲಿಟ್ಟು, ಪರದೆ ಮೇಲೆ ಮಾಡಿ, ಮಗಳ ಕಡೆ ಸರಿಸಿದಳು.

ಶರಣ್ಯಾ ಮೊದಲು ಅದನ್ನು ಗಮನಿಸಲಿಲ್ಲ. ಆಮೇಲೆ ನೋಡಿದಳು. ಆ ಚಿಕ್ಕ ಪರದೆಯಲ್ಲಿ ಬಾವಿಯ ಕಟ್ಟೆ, ಮೂರು ಹಲಗೆ, ಕೆಂಪು ಟೋಪಿ. ಅವಳು ತನ್ನ ಟ್ಯಾಬಿನ ಮೇಲೆ ಬೆರಳು ಒತ್ತಿದಳು. ಮೊಬೈಲಿನಲ್ಲಿ ಕೆಂಪು ಟೋಪಿ ಜಿಗಿಯಿತು. ಇನ್ನೊಮ್ಮೆ ಒತ್ತಿದಳು. ಇನ್ನೊಮ್ಮೆ ಜಿಗಿಯಿತು.

‘ಟೀಚರ್ ಎಲ್ಲಿ?’ ಎಂದಳು. ವರ್ಷದ ಮೇಲೆ ರಂಜನಾ ಕೇಳಿದ ಮಗಳ ಮೊದಲ ಮಾತು.

‘ನಾನ ಅವರು, ಶರೂ.’

‘ಸುಳ್ಳು.’

‘ಸುಳ್ಳಲ್ಲ ಪುಟ್ಟಿ.’

‘ಅಂದ್ರ... ಆ ಟೀಚರ್ ಅನ್ನೋರು ಯಾರೂ ಇಲ್ಲೇನು?’ ಹುಡುಗಿ ಮೊಬೈಲನ್ನು ಅಮ್ಮನ ಕಡೆ ತಳ್ಳಿದಳು. ‘ನೀನೂ ಹೋದಿ, ಅವರನ್ನೂ ಕರಕೊಂಡು ಹೋದಿ!’

ಪಕ್ಕದ ಮೇಜಿನಲ್ಲಿ ಮಗನಿಗೆ ಊಟ ಮಾಡಿಸುತ್ತಿದ್ದ ಒಬ್ಬ ತಂದೆ ತುತ್ತು ಹಿಡಿದುಕೊಂಡೇ ಇತ್ತ ನೋಡಿದ. ಶರಣ್ಯಾ ಯಾರನ್ನೂ ಲೆಕ್ಕಿಸಲಿಲ್ಲ. ವರ್ಷಾನುಗಟ್ಟಲೆ ಕಟ್ಟಿಕೊಂಡದ್ದೆಲ್ಲ ಒಮ್ಮೆಲೇ ಒಡೆಯಿತು. ‘ಸಾಲಿಂದ ಬಂದು ನಿನ್ನ ಕಪಾಟ ತಗದು ನೋಡಿದೆ. ಬರೇ ಹ್ಯಾಂಗರ್ ಇದ್ವು. ಅಜ್ಜಿ ಏನೂ ಹೇಳಲಿಲ್ಲ. ಪಪ್ಪಾನೂ ಹೇಳಲಿಲ್ಲ. ಎಲ್ಲಾ ನನ್ನ ಕಡೆನ ಹೇಳಿ ಕಳಸ್ತಿದ್ರಿ ಇಬ್ರೂ. ಸಿಲಿಂಡರ್ ಮುಗದದ ಅಂತ ಹೇಳು, ಊಟಕ್ಕ ಬರೂದಿಲ್ಲ ಅಂತ ಹೇಳು. ಎಲ್ಲಾ ಹೇಳ್ತಿದ್ದೆ ನಾ. ಇದೊಂದು ನೀ ನನಗ ಹೇಳಲಿಲ್ಲ.’

ಬೈಗುಳವಾದರೂ ಬರಲಿ ಎಂದು ಬೇಡಿಕೊಂಡಿದ್ದ ರಂಜನಾಗೆ ಅದು ಬಂದಾಗ ಹಿಡಿದುಕೊಳ್ಳಲು ಕೈ ಸಾಲಲಿಲ್ಲ. ಎದ್ದು ಮೇಜು ಸುತ್ತಿ ಹೋಗಿ ಮಗಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಮುಟ್ಟುವ ಧೈರ್ಯವಾಗಲಿಲ್ಲ. ಅಳುವಿನ ಸದ್ದು ಕೇಳಿ ಮೋಹನದಾಸ್ ಬಾಗಿಲವರೆಗೆ ಬಂದು ಇಣುಕಿದರು, ಮೊಮ್ಮಗಳ ಬಾಯಿ ಆಡುತ್ತಿರುವುದನ್ನು ಕಂಡು ಸದ್ದಿಲ್ಲದೆ ಹಿಂದೆ ಸರಿದರು.

‘ಯಾಕ ಹೇಳಲಿಲ್ಲ?’ ಶರಣ್ಯಾ ಕೇಳಿದಳು.

ಇದೇ ಪ್ರಶ್ನೆಗೆ ರಂಜನಾ ವಕೀಲರ ಮುಂದೆ ಒಂದು ಉತ್ತರ ಕೊಟ್ಟಿದ್ದಳು, ನರ್ಮದಾಗೆ ಒಂದು ಕೊಟ್ಟಿದ್ದಳು, ತನಗೆ ತಾನೇ ಎಷ್ಟೋ ಕೊಟ್ಟುಕೊಂಡಿದ್ದಳು. ಮಗಳ ಒದ್ದೆ ಮುಖದ ಮುಂದೆ ಅವು ಒಂದೂ ಒದಗಲಿಲ್ಲ. ನಿಜವಾದದ್ದು ಮಾತ್ರ ಉಳಿಯಿತು.

‘ಹೇಳಿದ್ರ ನೀ ಹೋಗಬ್ಯಾಡ ಅಂತಿದ್ದಿ. ನೀ ಬ್ಯಾಡ ಅಂದಿದ್ರ ನನಗ ಹೋಗಲಿಕ್ಕೆ ಆಗ್ತಿರಲಿಲ್ಲ ಶರೂ.’

ಶರಣ್ಯಾ ಕೈಯಿಂದ ಕಣ್ಣೊರೆಸಿಕೊಂಡು ಅಮ್ಮನನ್ನು ನೇರವಾಗಿ ನೋಡಿದಳು.

‘ಮತ್ತ ಅದಕ್ಕ ಹೇಳಬೇಕಿತ್ತಲ್ಲ’ ಎಂದಳು.